ಊರೆಲ್ಲ ಸರ್ವೆ ಮಾಡಿದವರನ್ನು ಕೇಳಿದವರು ಯಾರು?

(ಕಲಬುರಗಿಯಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಲ್ಲಿ. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಸೋಂಕು ಇತ್ತು ಅನ್ನುವುದು ಎರಡು ದಿನದ ಮೇಲೆ ಖಚಿತವಾಯಿತು. ದೇಶಕ್ಕೆಲ್ಲ ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ಅದಕ್ಕೂ ಮೊದಲೇ ಇಲ್ಲಿ ಸೂಪರ್ ಮಾರ್ಕೆಟ್ ಕಡೆ ಜನ ಕಮ್ಮಿಯಾಗಿದ್ದರು. ಶಾಲೆಗಳಿಗೆ ಬೀಗ ಬಿತ್ತು. ಅಂಗನವಾಡಿಗೂ ಬೀಗ ಬಿತ್ತು.

ಮಕ್ಕಳು ಮನೆಗೆ ಹೋದರು. ಅಂಗನವಾಡಿ ಟೀಚರ್ ಮನೆಗೆ ಹೋಗಲಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಅವರೂ ಓಣಿ ಓಣಿ ತಿರುಗಿದರು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಕೆಮ್ಮು, ಯಾರಿಗೆ ಜ್ವರ, ಯಾರು ಊರ ಹೊರಗಿನಿಂದ ಬಂದಿದ್ದಾರೆ ಅಂತ ಬರೆದುಕೊಂಡರು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ಗುಳೆ ಹೋದವರು ತಿರುಗಿ ಬಂದಾಗ ಯಾದಗಿರಿ, ಕಲಬುರಗಿಯ ಸೋಂಕಿತರ ಪಟ್ಟಿ ಒಮ್ಮೆಲೇ ಉದ್ದವಾಯಿತು. ಊರ ಶಾಲೆಗಳು, ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು. ಅಲ್ಲಿಯೂ ಎಷ್ಟೋ ಕಡೆ ಅಂಗನವಾಡಿಯವರಿಗೆ ಡ್ಯೂಟಿ ಹಾಕಿದರು. ಇದರ ನಡುವೆ ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆಯನ್ನು ಮಕ್ಕಳ ಮನೆಗೆ, ಗರ್ಭಿಣಿ ಬಾಣಂತಿಯರ ಮನೆಗೆ ಮುಟ್ಟಿಸುವ ಕೆಲಸವೂ ಅವರದ್ದೇ ಆಯಿತು.

ಊರಿನ ಪ್ರತಿ ಮನೆಯ ಕಥೆ ಆ ಟೀಚರ್ ಹತ್ತಿರ ಇತ್ತು. ಅವರ ಕಥೆಯನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ನಾನು ಇವತ್ತು ಮಾತಾಡುವುದು ಇದರ ಬಗ್ಗೆ. ಸಾಂಕ್ರಾಮಿಕ ರೋಗ ಬಂದಾಗ ಮಕ್ಕಳನ್ನು ನೋಡಿಕೊಳ್ಳುವವರ ಬದುಕಿಗೆ ಏನಾಗುತ್ತದೆ ಅನ್ನುವುದನ್ನು ನಾವು ಹೇಗೆ ಅಧ್ಯಯನ ಮಾಡಬೇಕು? ನನ್ನ ಅನಿಸಿಕೆ ಇಷ್ಟು: ಅವರನ್ನು ಮಾಹಿತಿ ತಂದುಕೊಡುವವರು ಅಂತ ನೋಡುವುದನ್ನು ಬಿಟ್ಟು, ಅವರ ದುಡಿಮೆಯನ್ನೇ ಅಧ್ಯಯನದ ವಿಷಯ ಮಾಡಬೇಕು. ಅದಕ್ಕೆ ಬೇಕಾದ ಪುರಾವೆಯ ದೊಡ್ಡ ಪಾಲು ಅವರದ್ದೇ ರಿಜಿಸ್ಟರ್‌ಗಳಲ್ಲಿ ಇದೆ.

ಮೊದಲು ಹೊರಗಿನ ಒಂದು ಅಧ್ಯಯನ ನೋಡೋಣ. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಮತ್ತು ಸಂಗಡಿಗರು 2020ರಲ್ಲಿ ಸುಮಾರು 57 ಸಾವಿರ ಶಿಶುಪಾಲನಾ ಕೆಲಸಗಾರರನ್ನು ಆನ್‌ಲೈನ್ ಮೂಲಕ ಕೇಳಿದರು. ಲಾಕ್‌ಡೌನ್ ಕಾಲದಲ್ಲಿ ಕೇಂದ್ರ ತೆರೆದಿಟ್ಟು ಮಕ್ಕಳ ಜೊತೆ ಇದ್ದವರಿಗೆ, ಕೇಂದ್ರ ಮುಚ್ಚಿ ಮನೆಯಲ್ಲಿ ಇದ್ದವರಿಗಿಂತ ಜಾಸ್ತಿ ಸೋಂಕು ತಗುಲಿತಾ ಅನ್ನುವುದು ಅವರ ಪ್ರಶ್ನೆ. ಹಾಗೆ ಜಾಸ್ತಿ ಆದದ್ದು ಕಾಣಲಿಲ್ಲ ಅಂತ ಉತ್ತರ ಬಂತು. ಆದರೆ ಅದು ರೋಗದ ಮೊದಲ ಕೆಲವು ತಿಂಗಳ ಲೆಕ್ಕ. ಆಗ ಕೇಂದ್ರಗಳಲ್ಲಿ ಮಕ್ಕಳು ಕಡಿಮೆ ಇದ್ದರು, ಕೈ ತೊಳೆಯುವುದು, ಒರೆಸುವುದು ಬಹಳ ಬಿಗಿಯಾಗಿ ನಡೆದಿತ್ತು. ಈ ಮಿತಿಯನ್ನು ಸಂಶೋಧಕರೇ ಹೇಳಿದ್ದಾರೆ. ವಿದ್ಯಾರ್ಥಿಗಳು ಇದನ್ನು ಗಮನಿಸಿ. ಎಷ್ಟು ದೊಡ್ಡ ಅಧ್ಯಯನವಾದರೂ ಅದು ಯಾವ ತಿಂಗಳಲ್ಲಿ, ಯಾರನ್ನು ಕೇಳಿ ಮಾಡಿದ್ದು ಅನ್ನುವುದನ್ನು ಮೊದಲು ನೋಡಬೇಕು.

ಅಲ್ಲಿಯ ಪ್ರಶ್ನೆಗಳನ್ನೇ ತಂದು ಇಲ್ಲಿ ಕೇಳಲು ಆಗುವುದಿಲ್ಲ. ಅಲ್ಲಿ ಶಿಶುಪಾಲನೆ ಅಂದರೆ ಬಹುಪಾಲು ಸಣ್ಣ ಖಾಸಗಿ ವ್ಯವಹಾರ. ಮಕ್ಕಳು ಬರಲಿಲ್ಲ ಅಂದರೆ ಫೀ ಇಲ್ಲ. ಫೀ ಇಲ್ಲ ಅಂದರೆ ಸಂಬಳ ಇಲ್ಲ. 2020ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಆ ಕ್ಷೇತ್ರದ ಸುಮಾರು ಮೂರನೇ ಒಂದು ಭಾಗ ಉದ್ಯೋಗ ಹೋಯಿತು. ಕೇಂದ್ರಗಳು ಪೂರ್ತಿ ಮುಚ್ಚಿಹೋಗಬಾರದು ಅಂತ 2021ರ ಮಾರ್ಚ್‌ನಲ್ಲಿ ಅಲ್ಲಿಯ ಸರ್ಕಾರ 2,400 ಕೋಟಿ ಡಾಲರ್ ತೆಗೆದಿಟ್ಟಿತು. ಅಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಕೆಲಸ ಉಳಿಯಿತಾ ಅನ್ನುವುದು.

ನಮ್ಮಲ್ಲಿ ಅಂಗನವಾಡಿಯವರ ಕೆಲಸ ಹೋಗಲಿಲ್ಲ, ಕೆಲಸದ ಬಗೆಯೇ ಬದಲಾಯಿತು. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಜಾಸ್ತಿ ಇವೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ. ಆರು ಸೇವೆ ಅಂತ ನಾವು ಪುಸ್ತಕದಲ್ಲಿ ಓದುತ್ತೇವೆ. 2020ರಲ್ಲಿ ಇವುಗಳಲ್ಲಿ ಶಾಲಾಪೂರ್ವ ಶಿಕ್ಷಣ ನಿಂತೇ ಹೋಯಿತು. ಆಹಾರ ಕೊಡುವುದು ಮನೆ ಬಾಗಿಲಿಗೆ ಬಂತು. ಪುಸ್ತಕದಲ್ಲಿ ಇಲ್ಲದ ಏಳನೆಯ ಕೆಲಸ, ಕೋವಿಡ್ ಡ್ಯೂಟಿ, ಎಲ್ಲದರ ಮೇಲೆ ಬಂದು ಕೂತಿತು. ಹಾಗಾಗಿ ನಾವು ಇಲ್ಲಿ ಕೇಳಬೇಕಾದದ್ದು: ಯಾವ ಕೆಲಸ ಕಡಿಮೆಯಾಯಿತು, ಯಾವುದು ಸೇರಿತು, ಸೇರಿದ್ದಕ್ಕೆ ಯಾರು ಏನು ಕೊಟ್ಟರು?

ಈಗ ಯಾರನ್ನು ಕೇಳಬೇಕು ಅನ್ನುವ ವಿಷಯಕ್ಕೆ ಬರುತ್ತೇನೆ. ಅಂಗನವಾಡಿ ಅಂದ ಕೂಡಲೇ ನಮಗೆ ಟೀಚರ್ ನೆನಪಾಗುತ್ತಾರೆ. ಸಹಾಯಕಿ ನೆನಪಾಗುವುದಿಲ್ಲ. ಊರಲ್ಲಿ ಆಯಾ ಅಂತ ಕರೆಯುತ್ತಾರಲ್ಲ, ಅವರು. ಮಕ್ಕಳನ್ನು ಮನೆಯಿಂದ ಕರೆದುಕೊಂಡು ಬರುವವರು, ಅಡುಗೆ ಮಾಡುವವರು, ಮಗು ಹೊಲಸು ಮಾಡಿಕೊಂಡರೆ ತೊಳೆಯುವವರು ಅವರೇ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಏರಿಸಿದ ಗೌರವಧನವನ್ನೇ ನೋಡಿ. ಟೀಚರ್‌ಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸಿ ಕೊಡುತ್ತದೆ, ನಿಜ. ಆದರೆ ಇಬ್ಬರ ನಡುವಿನ ಅಂತರ ನೋಡಿದರೆ ಯಾರ ಮಾತಿಗೆ ಎಷ್ಟು ಬೆಲೆ ಅನ್ನುವುದೂ ಗೊತ್ತಾಗುತ್ತದೆ. ಟೀಚರ್ ಸರ್ವೆಗೆ ಹೋದ ದಿನ ರೇಷನ್ ಅಳೆದು ಚೀಲಕ್ಕೆ ತುಂಬಿದ್ದು ಯಾರು? ಹೊತ್ತು ಮುಟ್ಟಿಸಿದ್ದು ಯಾರು? ಇದನ್ನು ಸಹಾಯಕಿಯರನ್ನೇ ಬೇರೆಯಾಗಿ ಕೂರಿಸಿ ಕೇಳಬೇಕು. ಟೀಚರ್ ಪಕ್ಕದಲ್ಲಿ ಇದ್ದರೆ ಆಕೆ ನಕ್ಕು ಸುಮ್ನೆ ಆಗುತ್ತಾರೆ.

ಇನ್ನು ತಾಂಡಾಗಳು. ಚಿಂಚೋಳಿ ಕಡೆ, ಔರಾದ ಕಡೆ, ಯಾದಗಿರಿಯ ಗುಡ್ಡದ ಕಡೆ ಆಗ ಮಿನಿ ಅಂಗನವಾಡಿಗಳು ಇದ್ದವು. ಜನಸಂಖ್ಯೆ ಕಡಿಮೆ ಇರುವ ಕಡೆ ಕೊಟ್ಟಿದ್ದ ಕೇಂದ್ರ ಅದು. ಅಲ್ಲಿ ಸಹಾಯಕಿ ಇರಲಿಲ್ಲ. ಟೀಚರ್, ಅಡುಗೆಯವರು, ಆಯಾ ಎಲ್ಲ ಒಬ್ಬರೇ ಹೆಂಗಸು. ಅಂಥ ತಾಂಡಾದಿಂದ ಅರ್ಧಕ್ಕರ್ಧ ಜನ ಗುಳೆ ಹೋಗಿ ಒಂದೇ ವಾರದಲ್ಲಿ ತಿರುಗಿ ಬಂದರೆ ಆ ಒಬ್ಬರ ಮೇಲೆ ಏನೆಲ್ಲ ಬಿದ್ದಿರಬಹುದು ಅಂತ ಯೋಚಿಸಿ. ಬಂದವರು ಅವರ ನೆಂಟರೇ. ಅವರ ಹೆಸರನ್ನು ಪಟ್ಟಿಗೆ ಬರೆಯಬೇಕಾದವರೂ ಇವರೇ. ತಾಂಡಾದ ಒಬ್ಬ ಟೀಚರ್ ನನಗೆ ಹೇಳಿದ್ದು ಇದು: "ನಮ್ಮ ಮೈದುನನ ಹೆಸ್ರು ನಾನೇ ಬರ್ದು ಕೊಟ್ಟೀನ್ರಿ. ಎರಡು ತಿಂಗಳು ನಮ್ಮತ್ತಿ ನನ್ನ ಕೂಡ ಮಾತಾಡ್ಲಿಲ್ಲ." ಇಂಥದ್ದು ಯಾವ ನಮೂನೆಯ ಯಾವ ಕಾಲಂಗೂ ಬರುವುದಿಲ್ಲ. ಆದರೆ ಆ ಎರಡು ತಿಂಗಳು ಆಕೆ ದುಡಿದದ್ದು ಈ ಭಾರ ಹೊತ್ತುಕೊಂಡೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ನಗರದ ನರ್ಸ್ ಡ್ಯೂಟಿ ಮುಗಿಸಿ ಬೇರೆ ಓಣಿಯ ಮನೆಗೆ ಹೋಗುತ್ತಾರೆ. ಅಂಗನವಾಡಿ ಟೀಚರ್ ಅದೇ ಊರಿನವರು, ಹಾಗೆ ಇರಬೇಕು ಅನ್ನುವುದೇ ನೇಮಕಾತಿಯ ನಿಯಮ. ಊರಿನ ನಂಬಿಕೆಯ ಮೇಲೆಯೇ ಅವರ ಕೆಲಸ ನಿಂತಿರುವುದು. ಒಬ್ಬ ತಾಯಿ ತನ್ನ ಮೂರು ವರ್ಷದ ಮಗುವನ್ನು ಅವರ ಕೈಗೆ ಕೊಡುವುದು ಸರ್ಕಾರದ ಆದೇಶ ನೋಡಿ ಅಲ್ಲ, ಅವರ ಮುಖ ನೋಡಿ. 2020ರಲ್ಲಿ ಅದೇ ಮುಖ ಬಾಗಿಲಿಗೆ ಬಂದರೆ ಜನ ಹೆದರಿದರು. ಇವರು ಬರೆದುಕೊಂಡು ಹೋದರೆ ಗಾಡಿ ಬರುತ್ತದೆ, ಎತ್ತಿಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ. ಬಾಗಿಲು ಹಾಕಿಕೊಂಡವರಿದ್ದಾರೆ, ಬೈದವರಿದ್ದಾರೆ. ಕೇಂದ್ರ ಮತ್ತೆ ತೆರೆದ ಮೇಲೆ ಆ ನಂಬಿಕೆ ತಿರುಗಿ ಬಂತಾ? ಬರಲು ಎಷ್ಟು ದಿನ ಹಿಡಿಯಿತು? ಟೀಚರ್ ಏನು ಮಾಡಿದರು? ಶಿಶುಪಾಲನೆಯ ಮೇಲೆ ಸಾಂಕ್ರಾಮಿಕದ ಪರಿಣಾಮ ಅಂದರೆ ಇದೂ ಹೌದು. ನನ್ನ ಪ್ರಕಾರ ಇದೇ ಮೊದಲು.

ಕಲಬುರಗಿ, ಬೀದರ್‌ನಂಥ ಪಟ್ಟಣಗಳಲ್ಲಿ ಇನ್ನೊಂದು ಗುಂಪು ಇದೆ. ಮನೆಯ ಮುಂದಿನ ಎರಡು ಕೋಣೆಯಲ್ಲಿ ನರ್ಸರಿ ನಡೆಸುವವರು, ಬೇಬಿ ಸಿಟ್ಟಿಂಗ್ ಮಾಡುವವರು, ಎಲ್‌ಕೆಜಿ ಟೀಚರ್‌ಗಳು, ಅಲ್ಲಿಯ ಆಯಾಗಳು, ಮಕ್ಕಳನ್ನು ಕರೆತರುವ ಆಟೋದವರು. ಇವರಿಗೆ ಆದದ್ದು ಅಮೆರಿಕದ ಕಥೆಗೆ ಹತ್ತಿರ. ಮಕ್ಕಳಿಲ್ಲ, ಫೀ ಇಲ್ಲ, ಬಾಡಿಗೆ ಮಾತ್ರ ತಪ್ಪಲಿಲ್ಲ. ಇವರನ್ನು ಅಧ್ಯಯನ ಮಾಡಲು ಹೋದವರು ಸಾಮಾನ್ಯವಾಗಿ ಈಗ ನಡೆಯುತ್ತಿರುವ ನರ್ಸರಿಗಳ ಪಟ್ಟಿ ಹಿಡಿದು ಹೋಗುತ್ತಾರೆ. ಆ ಪಟ್ಟಿಯಲ್ಲಿ ಇರುವವರು ಉಳಿದುಕೊಂಡವರು. ಮುಚ್ಚಿದವರು ಅದರಲ್ಲಿ ಇಲ್ಲವೇ ಇಲ್ಲ. ಉಳಿದವರನ್ನಷ್ಟೇ ಕೇಳಿದರೆ "ಕಷ್ಟ ಆಯ್ತು, ಆದ್ರೆ ದಾಟಿದ್ವಿ" ಅನ್ನುವ ಉತ್ತರವೇ ಬರುತ್ತದೆ. ಮುಚ್ಚಿದವರನ್ನು ಹುಡುಕಲು ಬೇರೆ ದಾರಿ ಹಿಡಿಯಬೇಕು. ಆ ಕಟ್ಟಡದ ಮಾಲೀಕರನ್ನು ಕೇಳಿ. ಹಳೆಯ ಆಟೋ ಡ್ರೈವರ್‌ನನ್ನು ಕೇಳಿ. 2019ರಲ್ಲಿ ಅಲ್ಲಿ ಮಗುವನ್ನು ಬಿಟ್ಟ ತಂದೆ ತಾಯಿಯನ್ನು ಕೇಳಿ. ಆ ನರ್ಸರಿಯ ಆಯಾ ಈಗ ಯಾರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ ಅನ್ನುವುದು ಓಣಿಯ ಹೆಂಗಸರಿಗೆ ಗೊತ್ತಿರುತ್ತದೆ. ಇದು ನಿಧಾನದ ಕೆಲಸ. ಆದರೆ ಇದನ್ನು ಬಿಟ್ಟರೆ ಅತಿ ಜಾಸ್ತಿ ಪೆಟ್ಟು ತಿಂದವರೇ ನಮ್ಮ ಅಧ್ಯಯನದಿಂದ ಹೊರಗೆ ಉಳಿಯುತ್ತಾರೆ.

ಅಜ್ಜಿಯರನ್ನು ಮರೆಯಬೇಡಿ ಅಂತಲೂ ಹೇಳುತ್ತೇನೆ. ಗುಳೆ ಹೋಗುವಾಗ ಸಣ್ಣ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುವುದು ನಮ್ಮ ಭಾಗದಲ್ಲಿ ಹಳೆಯ ರೂಢಿ. ಅಂಗನವಾಡಿ ಮುಚ್ಚಿದಾಗ ಹಗಲೆಲ್ಲ ಮಗುವನ್ನು ನೋಡಿಕೊಂಡವರು ಅವರು, ಇಲ್ಲದಿದ್ದರೆ ಹತ್ತು ಹನ್ನೆರಡು ವರ್ಷದ ಅಕ್ಕ. ಅಧ್ಯಯನದ ಮಿತಿಗೆ ಅವರು ಬರದಿದ್ದರೂ ಒಂದು ಪ್ರಶ್ನೆಯನ್ನಾದರೂ ಅವರಿಗಾಗಿ ಇಟ್ಟುಕೊಳ್ಳಿ.

ಈಗ ನೆನಪಿನ ಪ್ರಶ್ನೆ. "2020ರ ಆಗಸ್ಟ್‌ನಲ್ಲಿ ನೀವು ದಿನಕ್ಕೆ ಎಷ್ಟು ತಾಸು ಕೆಲಸ ಮಾಡಿದಿರಿ?" ಅಂತ ಇವತ್ತು ಕೇಳಿದರೆ ಯಾರು ತಾನೇ ಹೇಳುತ್ತಾರೆ? ಅಂಕಿ ಕೇಳಿದರೆ ಅಂಕಿ ಕೊಡುತ್ತಾರೆ, ಕೇಳಿದವರಿಗೆ ಬೇಜಾರಾಗಬಾರದು ಅಂತ. ಅದು ಮಾಹಿತಿ ಅಲ್ಲ. ಹಾಗಾದರೆ ಏನು ಮಾಡಬೇಕು? ನಮ್ಮ ಜನ ದಿನಗಳನ್ನು ಹಬ್ಬ, ಮಳೆ, ರಾಶಿಯ ಮೇಲೆ ನೆನಪಿಡುತ್ತಾರೆ. ಅದರ ಮೇಲೆಯೇ ಒಂದು ಕ್ಯಾಲೆಂಡರ್ ಮಾಡಿಕೊಂಡು ಹೋಗಿ.

2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದ ದಿನವೇ. ಆ ವರ್ಷ ಯುಗಾದಿಗೆ ಎಲ್ಲಿದ್ದಿರಿ ಅಂತ ಕೇಳಿ ನೋಡಿ. ಮಾತು ತಾನಾಗಿ ಹೊರಡುತ್ತದೆ. ರಂಜಾನ್ ಹಬ್ಬ ಮೇ 25ಕ್ಕೆ ಬಂತು, ಮುಂಬೈಯವರು ತಿರುಗಿ ಬರುತ್ತಿದ್ದ ಹೊತ್ತು. ನಾಗರಪಂಚಮಿ ಜುಲೈ ಕೊನೆಗೆ. ಅಕ್ಟೋಬರ್ ನಡುವೆ ಭೀಮಾ ನದಿಗೆ ಪ್ರವಾಹ. ದಸರಾ ಅದರ ಬೆನ್ನಿಗೆ. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ. ಆಮೇಲೆ ತೊಗರಿ ರಾಶಿ. 2021ರ ಜನವರಿ 16ಕ್ಕೆ ಲಸಿಕೆ ಶುರು, ಮೊದಲ ಸರದಿಯಲ್ಲೇ ಅಂಗನವಾಡಿಯವರೂ ಇದ್ದರು. ಮುಂದಿನ ಯುಗಾದಿ ಏಪ್ರಿಲ್ 13ಕ್ಕೆ, ಎರಡನೇ ಅಲೆ ಏರುತ್ತಿದ್ದಾಗ. ಹೀಗೆ ಒಂದೊಂದು ಗೂಟ ಹಿಡಿದು ಕೇಳಿದರೆ, "ಪಂಚಮಿಗಿಂತ ಮೊದಲು ದಿನಾ ಹೋಗ್ತಿದ್ವಿ, ಆಮೇಲೆ ವಾರಕ್ಕ ಎರಡು ಸರ್ತಿ" ಅಂತ ಖಚಿತವಾಗಿ ಹೇಳುತ್ತಾರೆ.

ಈ ಕ್ಯಾಲೆಂಡರ್‌ನಿಂದ ಇನ್ನೊಂದು ಉಪಯೋಗವೂ ಇದೆ. ಭೀಮಾ ಪ್ರವಾಹದ ಮಾತು ಹೇಳಿದೆನಲ್ಲ. ಅಫಜಲಪುರ, ಜೇವರ್ಗಿ, ವಡಗೇರಾ ಕಡೆ ನದಿ ದಂಡೆಯ ಊರುಗಳಲ್ಲಿ ಮನೆಗಳು ಮುಳುಗಿದವು, ಜನ ಕಾಳಜಿ ಕೇಂದ್ರಗಳಿಗೆ ಹೋದರು. ಆ ಊರಿನ ಟೀಚರ್ ಪಟ್ಟ ಕಷ್ಟದಲ್ಲಿ ಕೊರೊನಾದ ಪಾಲು ಎಷ್ಟು, ನೀರಿನ ಪಾಲು ಎಷ್ಟು? ಇದನ್ನು ಬಿಡಿಸಿ ನೋಡದೆ ಎಲ್ಲವನ್ನೂ ಕೊರೊನಾದ ಲೆಕ್ಕಕ್ಕೆ ಹಾಕಿದರೆ ತಪ್ಪಾಗುತ್ತದೆ. ನದಿಯಿಂದ ದೂರ ಇರುವ ಊರುಗಳನ್ನು ಜೊತೆಗಿಟ್ಟು ನೋಡಬೇಕು. ಹಾಗೆಯೇ ಮೊಬೈಲ್ ಕೆಲಸ. ಅಂಗನವಾಡಿಯ ಲೆಕ್ಕವನ್ನು ಮೊಬೈಲ್‌ನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದದ್ದು 2021ರಲ್ಲಿ, ರೋಗ ಇನ್ನೂ ಇದ್ದಾಗಲೇ. ನೆಟ್‌ವರ್ಕ್ ಸಿಗದ ಊರಲ್ಲಿ ಮನೆ ಮಾಳಿಗೆ ಹತ್ತಿ ಮಾಹಿತಿ ತುಂಬಿದ್ದನ್ನು ಟೀಚರ್‌ಗಳು ಈಗಲೂ ಹೇಳುತ್ತಾರೆ. ಕೆಲಸದ ಒತ್ತಡ ಜಾಸ್ತಿ ಆಯ್ತು ಅಂದಾಗ ಯಾವ ಒತ್ತಡ ಅಂತ ಕೇಳಿ ಬಿಡಿಸಿಕೊಳ್ಳಿ.

ಸರ್ಕಾರದ ದೊಡ್ಡ ಸಮೀಕ್ಷೆಗಳು ಇವೆಯಲ್ಲ, ಅವುಗಳಲ್ಲಿ ಸಿಗುವುದಿಲ್ಲವಾ ಅಂತ ಯಾರಾದರೂ ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿಗೆ 2019–21 ಅಂತ ಹೆಸರು. ಆ ಹೆಸರು ನೋಡಿ ಅದರಲ್ಲಿ ಕೊರೊನಾ ಕಾಲದ ಚಿತ್ರ ಇದೆ ಅಂತ ಎಷ್ಟೋ ಪ್ರಬಂಧಗಳಲ್ಲಿ ಬರೆಯುತ್ತಾರೆ. ಕರ್ನಾಟಕ ಅದರ ಮೊದಲ ಹಂತದಲ್ಲಿತ್ತು. ಮೊದಲ ಹಂತದ ಮನೆ ಭೇಟಿ 2020ರ ಜನವರಿಗೇ ಮುಗಿದಿತ್ತು. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಅನ್ನುವ ಅಂಕಿ ರೋಗ ಬರುವ ಮೊದಲಿನದು. ಅದು ನಮಗೆ ಹಿಂದಿನ ಸ್ಥಿತಿ ತಿಳಿಯಲು ಬೇಕು. ರೋಗದ ಕಾಲದ ಲೆಕ್ಕಕ್ಕೆ ಅದನ್ನು ಬಳಸಬೇಡಿ.

ಹಾಗಾದರೆ ರೋಗದ ಕಾಲದ ಲೆಕ್ಕ ಎಲ್ಲಿದೆ? ಅಂಗನವಾಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಹಾಜರಿ ಪುಸ್ತಕ, ಆಹಾರ ವಿತರಣೆಯ ವಹಿ, ಸ್ಟಾಕ್ ರಿಜಿಸ್ಟರ್, ತೂಕದ ಚಾರ್ಟ್, ಮನೆ ಭೇಟಿಯ ಪುಸ್ತಕ. ತೂಕದ ಚಾರ್ಟನ್ನೇ ತೆಗೆದುಕೊಳ್ಳಿ. ಪ್ರತಿ ತಿಂಗಳು ಮಗುವಿನ ತೂಕ ನೋಡಿ ಒಂದು ಚುಕ್ಕೆ ಇಡಬೇಕು. 2020ರ ಏಪ್ರಿಲ್ ನಂತರ ಎಷ್ಟೋ ಚಾರ್ಟ್‌ಗಳಲ್ಲಿ ಚುಕ್ಕೆಗಳಿಲ್ಲ, ಖಾಲಿ ಮನೆಗಳಿವೆ. ಸಂಶೋಧಕರು ಇದನ್ನು ನೋಡಿ ಮಾಹಿತಿ ಇಲ್ಲ ಅಂತ ಪಕ್ಕಕ್ಕಿಡುತ್ತಾರೆ. ಹಾಗೆ ಮಾಡಬೇಡಿ. ಚುಕ್ಕೆ ಯಾವ ತಿಂಗಳಿನಿಂದ ನಿಂತಿತು, ಯಾವ ಊರಲ್ಲಿ ಬೇಗ ಶುರುವಾಯಿತು, ಯಾವ ಊರಲ್ಲಿ ತಡವಾಯಿತು ಅಂತ ಪಟ್ಟಿ ಮಾಡಿ. ಆ ಖಾಲಿ ತಿಂಗಳುಗಳಲ್ಲಿ ಟೀಚರ್ ಎಲ್ಲಿ ಡ್ಯೂಟಿಯಲ್ಲಿದ್ದರು ಅಂತ ಅದರ ಪಕ್ಕದಲ್ಲೇ ಬರೆಯಿರಿ. ಮಗುವಿನ ತೂಕ ನೋಡಬೇಕಾದವರು ಯಾವ ಬಾಗಿಲಲ್ಲಿ ನಿಂತಿದ್ದರು ಅನ್ನುವುದು ಆಗ ಕಾಣುತ್ತದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಮಗುವಿಗೆ ತೀವ್ರ ಅಪೌಷ್ಟಿಕತೆ ಇದೆ ಅಂತ ಅರ್ಥ. ಅಂಥ ಮಗುವನ್ನು ಮೊದಲು ಗುರುತಿಸುವವರು ಇವರೇ. ಇವರನ್ನು ಬೇರೆ ಕಡೆ ಕಳಿಸಿದ ತಿಂಗಳುಗಳಲ್ಲಿ ಆ ಟೇಪು ಯಾರ ಕೈಯಲ್ಲಿತ್ತು?

ಬಾಗಿಲು ಮುಚ್ಚಿದ್ದ ಕಾಲವೂ ಸಣ್ಣದಲ್ಲ. ನಿರ್ಬಂಧಿತ ವಲಯದ ಹೊರಗಿನ ಅಂಗನವಾಡಿಗಳನ್ನು ತಿಂಗಳ ಕೊನೆಯೊಳಗೆ ತೆರೆಯಬೇಕು, ತೆರೆಯಬಾರದು ಅಂತಿದ್ದರೆ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟ್ 2021ರ ಜನವರಿ 13ರಂದು ಹೇಳಿತು. ನಮ್ಮ ರಾಜ್ಯದಲ್ಲಿ ಮಕ್ಕಳು ತಿರುಗಿ ಬಂದದ್ದು ಅದೇ ವರ್ಷ ನವೆಂಬರ್ 8ಕ್ಕೆ. 2020ರ ಮಾರ್ಚ್‌ನಲ್ಲಿ ಮೂರೂವರೆ ವರ್ಷದ ಮಗು ಅಷ್ಟು ಹೊತ್ತಿಗೆ ಐದು ದಾಟಿತ್ತು. ಅಂಗನವಾಡಿಯ ಹಾಡು, ಆಟ, ಬಣ್ಣ, ಜೊತೆಗೆ ಕೂತು ಉಣ್ಣುವುದು ಅದಕ್ಕೆ ಸಿಗಲೇ ಇಲ್ಲ. ಆ ಮಕ್ಕಳನ್ನು ಮತ್ತೆ ಕೂರಿಸಿದ ಮೊದಲ ತಿಂಗಳುಗಳ ಬಗ್ಗೆ ಟೀಚರ್‌ಗಳನ್ನು ಕೇಳಿ. ಅಳುವ ಮಕ್ಕಳು, ಮಾತೇ ಆಡದ ಮಕ್ಕಳು, ಬಾಗಿಲ ಕಡೆ ಓಡುವ ಮಕ್ಕಳು. ಇಡೀ ಕೇಂದ್ರ ಹೊಸದಾಗಿ ಸೇರಿದವರಿಂದಲೇ ತುಂಬಿದಂತೆ ಇತ್ತು ಅಂತ ಹೇಳುತ್ತಾರೆ. ಈ ದುಡಿಮೆಯನ್ನು ಯಾರೂ ಕೋವಿಡ್ ಡ್ಯೂಟಿ ಅಂತ ಕರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದೂ ಕೋವಿಡ್ ಡ್ಯೂಟಿಯೇ.

ಕೇಳುವ ಜಾಗದ ಬಗ್ಗೆ ಎರಡು ಮಾತು. ಅನುಮತಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಲೇಬೇಕು. ಅಲ್ಲಿಂದ ಮೇಲ್ವಿಚಾರಕಿಗೆ ಫೋನ್ ಹೋಗುತ್ತದೆ. ಅವರು ಸುತ್ತಲಿನ ಅಂಗನವಾಡಿಯವರೆಲ್ಲ ಸೇರುವ ವೃತ್ತ ಸಭೆಯಲ್ಲಿ ಎಲ್ಲರನ್ನೂ ಕೂರಿಸಿ ನಿಮ್ಮ ಕೈಗೆ ಒಪ್ಪಿಸುತ್ತಾರೆ. ಒಂದೇ ಮಧ್ಯಾಹ್ನ ಮೂವತ್ತು ನಮೂನೆ ತುಂಬಿ ಬರುತ್ತವೆ. ಸುಲಭ ಅಲ್ವಾ? ಆದರೆ ಗೌರವಧನದ ಬಿಲ್ಲಿಗೆ ಸಹಿ ಹಾಕುವವರ ಎದುರು ಯಾರು ಏನು ಹೇಳುತ್ತಾರೆ? "ಎಲ್ಲಾ ಚಲೋ ಆಗ್ಯದ್ರಿ" ಅಂತ ಹೇಳಿ ಕೈ ಮುಗಿಯುತ್ತಾರೆ. ಅನುಮತಿ ತೆಗೆದುಕೊಳ್ಳಿ, ಸಂದರ್ಶನ ಬೇರೆ ಕಡೆ ಮಾಡಿ. ಕೇಂದ್ರ ಮುಚ್ಚಿದ ಮೇಲೆ, ಅವರು ಹೇಳಿದ ಹೊತ್ತಿಗೆ, ಅವರು ಹೇಳಿದ ಜಾಗದಲ್ಲಿ. ಔರಾದದಲ್ಲಿ ಮರಾಠಿ, ಗುರುಮಠಕಲ್‌ನಲ್ಲಿ ತೆಲುಗು, ಕಲಬುರಗಿಯ ಎಷ್ಟೋ ಓಣಿಗಳಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ ಮಾತು. ಆ ಭಾಷೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ದುಡ್ಡಿನ ಪ್ರಶ್ನೆಯನ್ನು ನಾಚಿಕೊಳ್ಳದೆ ಕೇಳಿ. ಮೊಟ್ಟೆಗೆ, ತರಕಾರಿಗೆ ಕೈಯಿಂದ ಎಷ್ಟು ಹಾಕಿದಿರಿ, ತಿರುಗಿ ಯಾವಾಗ ಬಂತು? ಬಸ್ ಇಲ್ಲದ ದಿನಗಳಲ್ಲಿ ಆಟೋ, ಬೈಕಿಗೆ ಎಷ್ಟಾಯಿತು? ಮಾಸ್ಕ್, ಸ್ಯಾನಿಟೈಸರ್ ಯಾರು ಕೊಟ್ಟರು? ಮೊಬೈಲ್ ಕರೆನ್ಸಿ ಯಾರದ್ದು? ಇವೆಲ್ಲ ಸಣ್ಣ ಮೊತ್ತಗಳು. ಆದರೆ ಗೌರವಧನದ ಮೇಲೆ ನಡೆಯುವ ಮನೆಗೆ ಅವು ಸಣ್ಣವಲ್ಲ. ಎಷ್ಟೋ ಟೀಚರ್‌ಗಳು ವಿಧವೆಯರು, ಗಂಡ ಬಿಟ್ಟವರು, ಆ ವರ್ಷ ದುಡಿಮೆ ಕಳೆದುಕೊಂಡ ಗಂಡನನ್ನೂ ನೋಡಿಕೊಂಡವರು. 60ಕ್ಕೆ ನಿವೃತ್ತಿ. ಐವತ್ತು ದಾಟಿದ, ಬಿಪಿ, ಶುಗರ್ ಇರುವ ಹೆಂಗಸರು ಬಿಸಿಲಲ್ಲಿ ಮನೆ ಮನೆ ತಿರುಗಿದರು. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ, 42, 43 ಡಿಗ್ರಿ. ಮನೆಗೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳಲು ಹೆದರಿದವರು ಇಲ್ಲೇ ಕೂತಿದ್ದಾರೆ.

ಮಾತು ಮುಗಿದ ಮೇಲೆ ಒಬ್ಬ ಟೀಚರ್ ಎದ್ದು, "ಇದರಿಂದ ನಮಗೇನು ಬರ್ತದ್ರಿ?" ಅಂತ ನೇರವಾಗಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಇಲ್ಲದೆ ಯಾರೂ ಅಧ್ಯಯನಕ್ಕೆ ಹೊರಡಬಾರದು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಪ್ರಕರಣದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು 1972ರ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಕಾಯ್ದೆಗೆ ಒಳಪಡುತ್ತಾರೆ ಅಂತ ತೀರ್ಪು ಕೊಟ್ಟಿತು. ಗೌರವಧನ ಅಂತ ಹೆಸರಿಟ್ಟರೂ ಕಾಯ್ದೆಯ ಲೆಕ್ಕದಲ್ಲಿ ಅದು ವೇತನವೇ ಅಂತ ಹೇಳಿತು. ಅಲ್ಲಿಗೆ ಬರಲು ಕೋರ್ಟ್ ನೋಡಿದ್ದು ಇವರು ಏನೇನು ಕೆಲಸ ಮಾಡುತ್ತಾರೆ ಅನ್ನುವುದನ್ನು. ಕೆಲಸದ ವಿವರ ಬರಹದಲ್ಲಿ ಇದ್ದರೆ ಹಕ್ಕಿನ ಮಾತಿಗೆ ಬಲ ಬರುತ್ತದೆ. ಕೋವಿಡ್ ಕಾಲದ ವಿವರ ಇನ್ನೂ ಬರಹಕ್ಕೆ ಬಂದಿಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ಯಾರಿಗೆ ಡ್ಯೂಟಿ, ವಿಮೆ ಯಾರಿಗೆ, ಹೆಚ್ಚುವರಿ ಭತ್ಯೆ ಎಷ್ಟು, ಮಕ್ಕಳ ತೂಕ ನೋಡಲು ಯಾರನ್ನು ಉಳಿಸಬೇಕು ಅಂತ ತೀರ್ಮಾನ ಮಾಡುವ ಮೇಜಿನ ಮೇಲೆ ಈ ವಿವರ ಇರಬೇಕು. 2023–24ರ ಬಜೆಟ್‌ನಲ್ಲಿ ಘೋಷಣೆಯಾದ ಕೂಸಿನ ಮನೆಗಳು ಈಗ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುತ್ತಿವೆ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುವ ಹೆಂಗಸರೂ ಇದೇ ಸಾಲಿಗೆ ಸೇರುತ್ತಾರೆ. ಅವರಿಗೆ ಯಾವ ರಕ್ಷಣೆ ಇದೆ ಅಂತ ಈಗಲೇ ಕೇಳುವುದು ಒಳ್ಳೆಯದು.

ಎಷ್ಟು ಜನರನ್ನು ಮಾತಾಡಿಸಬೇಕು ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಸಂಖ್ಯೆಗಿಂತ ಮೊದಲು ಊರುಗಳನ್ನು ಆರಿಸಿಕೊಳ್ಳಿ ಅಂದೆ. ಕಾಲುವೆ ನೀರು ಇರುವ ಸುರಪುರ, ಶಹಾಪುರದ ಕಡೆಯ ಒಂದು ಊರು. ಗುಳೆ ಜಾಸ್ತಿ ಇರುವ ಒಂದು ಒಣ ಊರು, ಅದರ ತಾಂಡಾ. ಭೀಮಾ ದಂಡೆಯ ಒಂದು ಊರು. ಮರಾಠಿ ಗಡಿಯ ಒಂದು ಊರು. ಕಲಬುರಗಿ ನಗರದ ಒಂದು ಸ್ಲಂ. ಪ್ರತಿ ಕಡೆ ಸಹಾಯಕಿಯ ಮಾತು ಮೊದಲು, ಟೀಚರ್ ಮಾತು ಆಮೇಲೆ, ರಿಜಿಸ್ಟರ್ ಮೂರನೆಯದು. ಮೂರೂ ಸೇರಿಸಿ ಬರೆದದ್ದನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಅದೇ ಊರಿಗೆ ತೆಗೆದುಕೊಂಡು ಹೋಗಿ ಅವರಿಗೆ ಓದಿ ಹೇಳಬೇಕು. ಅವರು ಹೌದು ಅಂದದ್ದು ಉಳಿಯಲಿ, ತಿದ್ದಿದ್ದು ತಿದ್ದುಪಡಿಯಾಗಲಿ, ಬೇಡ ಅಂದದ್ದು ಬಿಟ್ಟುಹೋಗಲಿ. ಇಲ್ಲಿರುವ ಟೀಚರ್‌ಗಳಲ್ಲಿ ನನ್ನದೊಂದು ಕೇಳಿಕೆ: 2020 ಮತ್ತು 2021ರ ಹಳೆಯ ವಹಿಗಳನ್ನು, ಡ್ಯೂಟಿಯ ಆದೇಶದ ಪ್ರತಿಗಳನ್ನು, ಫೋನಿನಲ್ಲಿ ಉಳಿದಿರುವ ವಾಟ್ಸಾಪ್ ಸಂದೇಶಗಳನ್ನು ಯಾರೂ ರದ್ದಿಗೆ ಹಾಕಬೇಡಿ, ಅಳಿಸಬೇಡಿ. ಈ ವಿದ್ಯಾರ್ಥಿಗಳು ಬರುವ ತಿಂಗಳು ನಿಮ್ಮ ಊರಿಗೆ ಬರುತ್ತಾರೆ.